ಮರಿ ಕೊಳ್ಳುವ ಮುಂಚೆ ಸುಮ್ನೆ ನಡೆಸಿ ನೋಡಿ

ಚಳಿಗಾಲ ಬಂತೆಂದರೆ ನನ್ನ ಫೋನಿಗೆ ಕುದುರೆ ವಿಡಿಯೋಗಳು ಬರಲು ಶುರು. ಮಹಾರಾಷ್ಟ್ರದ ಮಾಳೇಗಾಂವ್, ಸಾರಂಗಖೇಡಾ ಕುದುರೆ ಜಾತ್ರೆಗಳ ಕಾಲ ಅದು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಹುಡುಗರು ಭತ್ತದ ದುಡ್ಡು ಕೈಗೆ ಬಂದ ಕೂಡಲೇ ಗಾಡಿ ಮಾಡಿಕೊಂಡು ಹೊರಡುತ್ತಾರೆ. ಮೈಲಾರಲಿಂಗಪ್ಪನನ್ನು ನಂಬಿದ ಸೀಮೆ ಇದು, ಕುದುರೆ ಎಂದರೆ ಪ್ರೀತಿ ಜಾಸ್ತಿ. ಅದರಲ್ಲಿ ತಪ್ಪೇನಿಲ್ಲ.

ವಿಡಿಯೋ ಎಲ್ಲವೂ ಒಂದೇ ಥರ. ಹಿಂದೆ ಹಲಗೆಯೋ ಡಿಜೆಯೋ ಬಡಿಯುತ್ತಿರುತ್ತದೆ. ಒಬ್ಬ ಹಗ್ಗ ಹಿಡಿದು ಓಡುತ್ತಾನೆ, ಇನ್ನೊಬ್ಬ ಹಿಂದಿನಿಂದ ಪ್ಲಾಸ್ಟಿಕ್ ಚೀಲ ಅಲ್ಲಾಡಿಸುತ್ತಾನೆ. ನಡುವೆ ಒಂದು ಮರಿ ಬಾಲ ಎತ್ತಿ, ಕತ್ತು ಸೆಟೆದು, ಮುಂಗಾಲನ್ನು ಎದೆಮಟ್ಟಕ್ಕೆ ಎತ್ತಿ ಹಾಕುತ್ತಿರುತ್ತದೆ. ಕೆಳಗೆ ಒಂದು ಸಾಲು: “ಸರ, ಕಾಲು ಹೆಂಗ ಎತ್ತತೈತಿ ನೋಡ್ರಿ. ಸವಾರಿಗೆ ಛಲೋ ಆಗತೈತಲ್ರಿ?”

ಹೇಳಲಿಕ್ಕೆ ಆಗುವುದಿಲ್ಲಪ್ಪಾ. ಆ ವಿಡಿಯೋದಲ್ಲಿ ನನಗೆ ಕಾಣುವುದು ಹೆದರಿದ ಒಂದು ಮರಿ, ಅಷ್ಟೇ.

ಬಣ್ಣ, ಸುಳಿ, ಕಿವಿಯ ತುದಿ ಕೂಡುತ್ತದೋ ಇಲ್ಲವೋ, ಎತ್ತರ ಎಷ್ಟು ಇಂಚು, ಇದನ್ನೆಲ್ಲ ನೀವು ನನಗಿಂತ ಚೆನ್ನಾಗಿ ನೋಡುತ್ತೀರಿ. ಗಂಟಲ ಮೇಲೆ ಶುಭದ ಸುಳಿ ದೇವಮಣಿ ಇದೆಯಾ, ನಾಲ್ಕು ಕಾಲೂ ಮುಖವೂ ಬಿಳಿ ಇರುವ ಪಂಚಕಲ್ಯಾಣಿ ಹೌದಾ ಎಂದು ತಾಸುಗಟ್ಟಲೆ ಹುಡುಕುತ್ತೀರಿ. ಹುಡುಕಿ. ಸುಳಿ ನೋಡಿದ್ದಕ್ಕೆ ಯಾವ ಕುದುರೆಯೂ ಕುಂಟಾಗಿಲ್ಲ. ನನ್ನ ತಕರಾರು ಮುಂಗಾಲಿನದು.

ಬೆದರಿದ ಮರಿ ಯಾವುದಾದರೂ ಹಾಗೇ ಓಡುತ್ತದೆ. ಮೈಯೆಲ್ಲ ಬಿಗಿ ಮಾಡಿಕೊಳ್ಳುತ್ತದೆ, ಬೆನ್ನು ತಗ್ಗುತ್ತದೆ, ಹೆಜ್ಜೆ ಹೆಜ್ಜೆಗೂ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ನೋಡಲು ಚೆಂದವೇ. ಆದರೆ ನಾಳೆ ನಿಮ್ಮ ಹೊಲದ ದಾರಿಯಲ್ಲಿ ಜೀನು ಕಟ್ಟಿ ಎಪ್ಪತ್ತು ಕೆಜಿ ಮನುಷ್ಯ ಹತ್ತಿದಾಗ ಆ ಓಟ ಇರುವುದಿಲ್ಲ. ಇರಲೂ ಬಾರದು. ಬೆನ್ನು ತಗ್ಗಿಸಿಕೊಂಡು ಕುದುರೆ ಮನುಷ್ಯನನ್ನು ಹೊತ್ತರೆ ಕೆಡುವುದು ಆ ಬೆನ್ನೇ.

ಸುಮ್ಮನೆ ನಿಂತ ಕುದುರೆಯ ಭಾರದಲ್ಲಿ ಸುಮಾರು 60 ಪಾಲು ಮುಂಗಾಲಿನ ಮೇಲೆ, 40 ಪಾಲು ಹಿಂಗಾಲಿನ ಮೇಲೆ ಇರುತ್ತದೆ. ಸವಾರ ಕೂರುವುದೂ ಮುಂಗಾಲಿಗೆ ಹತ್ತಿರವೇ. ಮುಂದಕ್ಕೆ ನೂಕುವ ಕೆಲಸ ಮಾತ್ರ ಹಿಂಗಾಲಿನದು. ಆ ಕಾಲು ಹೊಟ್ಟೆಯ ಕೆಳಗೆ ಚೆನ್ನಾಗಿ ಬಂದು ಭಾರ ಹೊರಬೇಕು. ಬರದಿದ್ದರೆ ಹೆಜ್ಜೆ ಹೆಜ್ಜೆಗೂ ಪೆಟ್ಟು ತಿನ್ನುವುದು ಮುಂಗಾಲು. ಮುಂದಿನ ಗಾಲಿ ಚೆಂದ ಇದೆ ಅಂತ ಯಾರಾದರೂ ಟ್ರ್ಯಾಕ್ಟರ್ ಕೊಳ್ಳುತ್ತಾರಾ? ಕುದುರೆಗೆ ಮಾತ್ರ ಹಾಗೇ ಕೊಡುತ್ತೀರಿ, ಲಕ್ಷಗಟ್ಟಲೆ.

ಈ ಹುಚ್ಚು ಇವತ್ತಿನದಲ್ಲ ಬಿಡಿ. ಹೊಳೆ ಆಚೆ ಹಂಪಿಯ ಹಜಾರರಾಮ ಗುಡಿಯ ಹೊರಗೋಡೆ ನೋಡಿ. ಸಾಲು ಸಾಲು ಕುದುರೆ, ಪಕ್ಕದಲ್ಲಿ ಹಿಡಿದು ನಡೆಸುವವರು. ಅರಬ್ ನಾಡು, ಪರ್ಷಿಯಾದಿಂದ ಹಡಗಿನಲ್ಲಿ ಬಂದ ಕುದುರೆಗಳಿಗೆ ವಿಜಯನಗರದವರು ಸುರಿದ ಹಣಕ್ಕೆ ಲೆಕ್ಕವಿಲ್ಲ. ಅಲ್ಲಿನ ಶಿಲ್ಪಿಗೂ ಎತ್ತಿದ ಮುಂಗಾಲೇ ಇಷ್ಟ. ಅವನನ್ನು ಬೈಯುವಂತಿಲ್ಲ, ಆ ಕುದುರೆ ಹತ್ತಿ ಯಾರೂ ಊರಿಗೆ ಹೋಗಬೇಕಿಲ್ಲ.

ಹಾಗಾದರೆ ನೋಡುವುದೇನು? ನಡಿಗೆ. ಓಟ ಅಲ್ಲ, ಕುಣಿತ ಅಲ್ಲ. ಬರೀ ನಡಿಗೆ.

ಇದನ್ನು ಎಷ್ಟು ಸಲ ಹೇಳಿದರೂ “ಹೌದ್ರಿ ಸರ” ಅಂದು ಮತ್ತೆ ಓಡಿಸಿದ ವಿಡಿಯೋನೇ ಕಳಿಸುತ್ತಾರೆ. ಅದಕ್ಕೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಗಲಾಟೆ ಇಲ್ಲದ ಕಡೆ ಮರಿಯನ್ನು ಕರೆದುಕೊಂಡು ಹೋಗಿ. ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿಸಿ. ಕತ್ತು ಇಳಿಯಲಿ, ಮೂಗು ಸೀಟಲಿ. ಆಮೇಲೆ ಹಗ್ಗ ಸಡಿಲ ಬಿಟ್ಟು ಮೂವತ್ತು ನಲವತ್ತು ಹೆಜ್ಜೆ ನಡೆಸಿ. ಹಗ್ಗ ಸಡಿಲ ಎಂದರೆ ಸಡಿಲವೇ. ಮಾರುವವನು ಗದ್ದದ ಕೆಳಗೆ ಬಿಗಿಯಾಗಿ ಹಿಡಿದು ತಲೆ ಎತ್ತಿಸಿಕೊಂಡು ನಡೆಸಿದರೆ ಅದು ಲೆಕ್ಕಕ್ಕಿಲ್ಲ. ಬಿಡಲು ಒಪ್ಪದಿದ್ದರೆ ಯಾಕೆ ಅಂತ ಕೇಳಿ.

ಮೊದಲು ಪಕ್ಕದಿಂದ ನೋಡಿ. ಹಸಿ ಮಣ್ಣೋ ಧೂಳೋ ಇದ್ದರೆ ಒಳ್ಳೆಯದು. ಮುಂಗಾಲಿನ ಗೊರಸು ಬಿಟ್ಟ ಗುರುತು ಎಲ್ಲಿದೆ, ಅದೇ ಬದಿಯ ಹಿಂಗಾಲು ಎಲ್ಲಿ ಬೀಳುತ್ತದೆ? ಗುರುತಿನ ಮೇಲೆ ಬಿದ್ದರೆ ಸರಿ, ದಾಟಿ ಮುಂದೆ ಬಿದ್ದರೆ ಇನ್ನೂ ಚಲೋ. ಹಿಂದೆಯೇ ಉಳಿದರೆ ನಾನು ಯೋಚನೆ ಮಾಡುತ್ತೇನೆ. ಆಮೇಲೆ ಗಟ್ಟಿ ನೆಲದ ಮೇಲೆ, ಅಕ್ಕಿ ಗಿರಣಿಯ ಕಟ್ಟೆ ಆದರೂ ಆಯಿತು, ನಡೆಸಿ ಕಣ್ಣು ಮುಚ್ಚಿ ಕೇಳಿ. ನಾಲ್ಕು ಸದ್ದು ಬೇರೆ ಬೇರೆ, ಒಂದೇ ಅಂತರದಲ್ಲಿ ಬರಬೇಕು. ಕೊನೆಗೆ ಹಿಂದೆ ನಿಂತು, ಒದೆ ತಾಗದಷ್ಟು ದೂರದಲ್ಲಿ, ಹಿಂಗಾಲು ನೇರ ಹೋಗುತ್ತದಾ ಇಲ್ಲವಾ ನೋಡಿ.

ಓಟ ಬಿಟ್ಟು ನಡಿಗೆಯೇ ಯಾಕೆ? ಓಟದಲ್ಲಿ ವೇಗದ ಜೋರಿಗೆ ಎಷ್ಟೋ ಕೊರತೆ ಮುಚ್ಚಿಹೋಗುತ್ತದೆ. ಒಳ್ಳೆಯ ತರಬೇತಿ ಸಿಕ್ಕರೆ ಕುಕ್ಕುಲೋಟ, ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟ, ಸಾಕಷ್ಟು ಸುಧಾರಿಸುತ್ತದೆ. ನಡಿಗೆ ಅಷ್ಟು ಬದಲಾಗುವುದಿಲ್ಲ. ಇನ್ನೊಂದು, ನೀವು ಜಾಸ್ತಿ ಹೋಗುವುದೂ ನಡಿಗೆಯಲ್ಲೇ ಅಲ್ವಾ? ಜಾತ್ರೆ, ಮೆರವಣಿಗೆ, ಕಾಲುವೆ ಏರಿ. ನಿಮ್ಮಲ್ಲಿ ಎಷ್ಟು ಜನ ನಾಗಾಲೋಟದಲ್ಲಿ ಹೋಗುತ್ತೀರಿ?

ರಾಯಚೂರಿನಲ್ಲಿ ಒಬ್ಬ ಹಳೆಯ ಟಾಂಗಾ ಅಜ್ಜ ಇದ್ದರು. ಪರಿಚಯದವರು ಮರಿ ತಂದಾಗ ಅವರನ್ನು ಕರೆಸಿದ್ದರು, ನಾನೂ ಅಲ್ಲಿದ್ದೆ. ಅಜ್ಜ ಕುದುರೆಯ ಮುಖ ನೋಡಲೇ ಇಲ್ಲ. ಬೀಡಿ ಹಚ್ಚಿಕೊಂಡು “ಅತ್ಲಾಗ ನಡಸ್ರಿ” ಅಂದರು. ಅದು ತಿಪ್ಪೆಯವರೆಗೆ ಹೋಗಿ ಬರುವಷ್ಟರಲ್ಲಿ ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಗೊರಸಿನ ಗುರುತಿಗೆ ಗೇಣು ಹಾಕುತ್ತಿದ್ದರು. ಪಶುವೈದ್ಯ ಕಾಲೇಜಿನಲ್ಲಿ ನನಗೆ ಕಲಿಸಿದ್ದೂ ಇದನ್ನೇ, ಇಷ್ಟು ಬೇಗ ಅಲ್ಲ. ಮಾಲೀಕರು ಪಾಪ, ಸುಳಿ ತೋರಿಸಲು ಕುದುರೆಯ ಹಣೆಗೂದಲು ಹಿಡಿದೇ ನಿಂತಿದ್ದರು.

ಇನ್ನು ಕೆಲವು ಎಚ್ಚರಿಕೆ. ಒಂದೂವರೆ ವರ್ಷದ ಮರಿಗೆ ಕಾಲು ಉದ್ದ, ಮೈ ಗಿಡ್ಡ. ಹಾಗಾಗಿ ಹಿಂಗಾಲು ಸುಲಭವಾಗಿ ಮುಂದೆ ಬೀಳುತ್ತದೆ, ಪೂರ್ತಿ ನಂಬಬೇಡಿ. ಆ ವಯಸ್ಸಿನಲ್ಲಿ ಎಷ್ಟೋ ಸಲ ಸೊಂಟ ಎತ್ತರ, ಹೆಗಲು ತಗ್ಗು ಇರುತ್ತದೆ. ಆಗ ನಡಿಗೆ ಎಡವಟ್ಟಾಗಿ ಕಂಡರೂ ಕೂಡಲೇ ಬೇಡ ಅನ್ನಬೇಡಿ, ಕೆಲವು ತಿಂಗಳು ಬಿಟ್ಟು ನೋಡಿ. ತಾಯಿಯನ್ನು ನಡೆಸಿ ನೋಡಲು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಮಾರ್ವಾಡಿ, ಕಾಠಿಯಾವಾಡಿ ತಳಿಯ ಕೆಲವು ಕುದುರೆಗಳಿಗೆ ರೇವಾಲ್ ಚಾಲು ಎಂಬ ಬೇರೆಯೇ ನಡೆ ಹುಟ್ಟಿನಿಂದಲೇ ಬಂದಿರುತ್ತದೆ. ಅವುಗಳ ಹೆಜ್ಜೆಯ ತಾಳವೇ ಬೇರೆ, ಸವಾರನಿಗೆ ಕುಲುಕು ಕಡಿಮೆ. ಅದನ್ನು ದೋಷ ಎಂದು ನಾನು ಹೇಳುತ್ತಿಲ್ಲ.

ಓಡಿಸಿ ನೋಡುವುದು ಪೂರ್ತಿ ದಂಡ ಎಂದೂ ಅಲ್ಲ. ಕುಂಟು ಪತ್ತೆಯಾಗುವುದು ನಿಧಾನ ಕುಕ್ಕುಲೋಟದಲ್ಲೇ. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೆ ಹೋಗುತ್ತದೆ. ಎರಡೂ ಕಾಲಲ್ಲಿ ನೋವಿದ್ದರೆ ತಲೆ ಆಡದೆಯೂ ಇರಬಹುದು, ಅದಕ್ಕೇ ಡಾಕ್ಟರು ಬೇಕು.

ನಡಿಗೆ ಒಪ್ಪಿಗೆಯಾಯಿತು ಅಂತ ಮರುದಿನವೇ ಜೀನು ಬಿಗಿಯಬೇಡಿ. ಮುಂಗಾಲಿನ ಮಂಡಿಯ ಮೇಲಿನ ಮೂಳೆಯ ಬೆಳವಣಿಗೆ ನಿಲ್ಲಲು ಸುಮಾರು ಎರಡೂವರೆ ವರ್ಷ ಬೇಕು. ಬೆನ್ನುಮೂಳೆಗೆ 5 ವರ್ಷ, ಕೆಲವಕ್ಕೆ ಇನ್ನೂ ತಡ. ಮೂರು ವರ್ಷದ ನಂತರ ಹಗುರ ಸವಾರ, ಸ್ವಲ್ಪ ಹೊತ್ತು, ಅಷ್ಟೇ ಎಂಬುದು ನನ್ನ ಅಭಿಪ್ರಾಯ. ಬೇಗ ಹತ್ತಬಹುದು ಎನ್ನುವವರೂ ಇದ್ದಾರೆ. ಮಾರುವವನು ಹೇಳಿದ ವಯಸ್ಸು ಬಿಡಿ, ತುಟಿ ಸರಿಸಿ ಹಲ್ಲು ನೋಡಿ. ನಡುವಿನ ಹಾಲುಹಲ್ಲು ಬೀಳುವುದು ಎರಡೂವರೆ ವರ್ಷದ ಹೊತ್ತಿಗೆ, ಪಕ್ಕದವು ಮೂರೂವರೆಗೆ, ತುದಿಯವು ನಾಲ್ಕೂವರೆಗೆ. ಎಲ್ಲ ಹಾಲುಹಲ್ಲೂ ಹಾಗೇ ಇರುವ ಮರಿಗೆ “ಮೂರು ತುಂಬೇತ್ರಿ” ಅಂದರೆ ನಂಬುತ್ತೀರಲ್ಲ, ಅದು ನನಗೆ ಅರ್ಥವೇ ಆಗುವುದಿಲ್ಲ.

ಈ ಸಲ ವಿಡಿಯೋ ಕಳಿಸುವವರು ಹೀಗೆ ಮಾಡಿ. ಫೋನು ಅಡ್ಡ ಹಿಡಿಯಿರಿ. ಮರಿ ನಿಮ್ಮಿಂದ ದೂರ ನಡೆಯಲಿ, ತಿರುಗಿ ಬರಲಿ, ಆಮೇಲೆ ಪಕ್ಕದಿಂದ ಹಾದುಹೋಗಲಿ. ಹಾಡು ಸೇರಿಸಬೇಡಿ, ನನಗೆ ಗೊರಸಿನ ಸದ್ದು ಕೇಳಬೇಕು. ದುಡ್ಡು ಕೊಡುವ ಮುಂಚೆ ಕಳಿಸಿ. ಮರಿ ಲಾರಿ ಹತ್ತಿದ ಮೇಲೆ ಕಳಿಸಿದರೆ ನಾನು ಕೇಳುವುದು ಎರಡೇ ಪ್ರಶ್ನೆ: ಗ್ಲಾಂಡರ್ಸ್ ಎಂಬ ಅಂಟುರೋಗದ ರಕ್ತಪರೀಕ್ಷೆಯ ಕಾಗದ ಇದೆಯಾ, ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದೀರಿ?