ಚಳಿಯ ರಾತ್ರಿಗೆ ಹಿಡಿದಿಟ್ಟ ಗಾಳಿ

ಚಳಿಯಲ್ಲಿ ಟೆಂಟು ಹಾಕಿ ಮಲಗಿದವರಿಗೆ ಎಚ್ಚರವಾಗುವುದು ಹೆಚ್ಚಾಗಿ ಬೆಳಗಿನ ಜಾವ ನಾಲ್ಕರ ಸುಮಾರಿಗೆ. ರಾತ್ರಿ ಹತ್ತಕ್ಕೆ ಮಲಗುವಾಗ ಹಾಯಾಗಿತ್ತು. ಈಗ ಕಾಲ್ಬೆರಳು ಮರಗಟ್ಟಿದೆ, ಮಂಡಿ ಎದೆಗೆ ಬಂದಿದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಯಾಕೆ ಹೀಗೆ? ಹೊರಗಿನ ಚಳಿ ಸೂರ್ಯ ಹುಟ್ಟುವ ಹೊತ್ತಿಗೆ ಅತಿ ಹೆಚ್ಚಾಗುತ್ತದೆ, ನಮ್ಮ ಮೈಯ ಒಳಗಿನ ಉಷ್ಣತೆ ಕೂಡ ನಾವು ಏಳುವ ಎರಡು ಮೂರು ಗಂಟೆ ಮುಂಚೆ ದಿನದ ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ, ರಾತ್ರಿಯ ಊಟವೂ ಅಷ್ಟೊತ್ತಿಗೆ ಕರಗಿರುತ್ತದೆ. ಸ್ಲೀಪಿಂಗ್ ಬ್ಯಾಗ್, ಅಂದರೆ ಒಳಗೆ ತೂರಿಕೊಂಡು ಮಲಗುವ ತುಪ್ಪಳ ತುಂಬಿದ ಚೀಲ, ಆರಿಸುವಾಗ ಕಣ್ಣ ಮುಂದೆ ಇಟ್ಟುಕೊಳ್ಳಬೇಕಾದದ್ದು ಈ ಹೊತ್ತನ್ನೇ.

ಸ್ಲೀಪಿಂಗ್ ಬ್ಯಾಗ್ ತಾನಾಗಿ ಬಿಸಿ ಕೊಡುವುದಿಲ್ಲ. ಒಲೆ ನೀವೇ. ನಿದ್ದೆಯಲ್ಲಿರುವ ದೊಡ್ಡವರ ಮೈ ಸುಮಾರು 70ರಿಂದ 80 ವ್ಯಾಟ್ ಶಾಖ ಹೊರಬಿಡುತ್ತದೆ, ಹಳೇ ಕಾಲದ ಒಂದು ಬಲ್ಬಿನಷ್ಟು. ಆ ಶಾಖ ಬೇಗ ಸೋರಿ ಹೋಗದಂತೆ ತಡೆಯುವುದಷ್ಟೇ ಚೀಲದ ಕೆಲಸ. ತಡೆಯುವುದು ಬಟ್ಟೆಯೂ ಅಲ್ಲ, ಬಹುಮಟ್ಟಿಗೆ ತುಪ್ಪಳವೂ ಅಲ್ಲ, ಅವುಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲ್ಲಾಡದ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ದಾಟುತ್ತದೆ. ನೀರಿಗೆ ಹೋಲಿಸಿದರೆ ಇಪ್ಪತ್ತು ಪಟ್ಟಿಗೂ ಹೆಚ್ಚು ನಿಧಾನ. ಆದರೆ ಗಾಳಿ ಸುಮ್ನೆ ಒಂದು ಕಡೆ ನಿಲ್ಲುವುದಿಲ್ಲ ಅಲ್ವಾ? ಜಾಗ ಸಿಕ್ಕರೆ ಬಿಸಿಯಾದದ್ದು ಮೇಲೇಳುತ್ತದೆ, ತಣ್ಣಗಿನದು ಅದರ ಜಾಗಕ್ಕೆ ಇಳಿಯುತ್ತದೆ, ಹೀಗೆ ಸುತ್ತುತ್ತಲೇ ಶಾಖವನ್ನು ಹೊತ್ತೊಯ್ಯುತ್ತದೆ. ಅದನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಕಟ್ಟಿಹಾಕಬೇಕು.

ಕಟ್ಟಿಹಾಕುವುದರಲ್ಲಿ ಡೌನ್‌ಗೆ ಸಾಟಿಯಾದ ವಸ್ತು ಸಿಗುವುದು ಕಷ್ಟ. ಡೌನ್ ಎಂದರೆ ಹೆಬ್ಬಾತು, ಬಾತುಕೋಳಿಗಳ ಹೊರಗಿನ ಗರಿಯ ಕೆಳಗೆ ಚರ್ಮಕ್ಕೆ ಅಂಟಿದಂತೆ ಬೆಳೆಯುವ ಮೆತ್ತನೆಯ ತುಪ್ಪಳ. ಗರಿಗೆ ಇರುವ ಗಟ್ಟಿ ದಂಟು ಇದಕ್ಕಿಲ್ಲ. ಒಂದು ಸಣ್ಣ ಬಿಂದುವಿನಿಂದ ಎಲ್ಲ ದಿಕ್ಕಿಗೂ ಎಳೆಗಳು ಚಾಚಿಕೊಂಡಿರುತ್ತವೆ, ಪ್ರತಿ ಎಳೆಗೂ ಇನ್ನೂ ಸಣ್ಣ ಕವಲುಗಳು. ಒಂದು ಚಿಟಿಕೆ ಡೌನ್ ಅಂಗೈಯಲ್ಲಿಟ್ಟು ನೋಡಿ, ಭಾರವೇ ಗೊತ್ತಾಗುವುದಿಲ್ಲ, ಸ್ವಲ್ಪ ಹೊತ್ತಿಗೆ ಅಂಗೈ ಬೆಚ್ಚಗಾಗುತ್ತದೆ. ಹಿಂಡಿದರೆ ಬೆರಳಷ್ಟಾಗುತ್ತದೆ, ಬಿಟ್ಟರೆ ಮತ್ತೆ ಅರಳುತ್ತದೆ. ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ಇದಕ್ಕಿಂತ ಬೇರೆ ಏನು ಬೇಕು! 1922ರ ಎವರೆಸ್ಟ್ ತಂಡದಲ್ಲಿದ್ದ ಜಾರ್ಜ್ ಫಿಂಚ್ ಇದನ್ನು ಚೆನ್ನಾಗಿ ಅರಿತಿದ್ದರು. ರಸಾಯನಶಾಸ್ತ್ರ ಬಲ್ಲ ಅವರು ಬಲೂನಿನ ಬಟ್ಟೆಯೊಳಗೆ ಈಡರ್ ಬಾತಿನ ತುಪ್ಪಳ ತುಂಬಿಸಿ ಕೋಟು ಹೊಲಿಸಿಕೊಂಡಿದ್ದರು, ಉಳಿದವರು ಉಣ್ಣೆ ಮತ್ತು ಟ್ವೀಡ್‌ನಲ್ಲೇ ಇದ್ದ ಕಾಲದಲ್ಲಿ.

ಈಗ ಕೊಳ್ಳುವ ಮಾತಿಗೆ ಬರೋಣ. ಎಲ್ಲರೂ ಮೊದಲು ನೋಡುವುದು ಫಿಲ್ ಪವರ್. 650, 800, 850 ಅಂತೆಲ್ಲ ಬರೆದಿರುತ್ತದಲ್ಲ, ಅದು. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಡೌನನ್ನು ಕೊಳವೆಗೆ ಹಾಕಿ, ಮೇಲೆ ಗೊತ್ತುಮಾಡಿದ ಭಾರ ಇಟ್ಟಾಗ ಅದು ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂಬ ಲೆಕ್ಕ. 800 ಎಂದರೆ 28 ಗ್ರಾಂ ತುಪ್ಪಳ ಸುಮಾರು 13 ಲೀಟರ್ ಜಾಗವನ್ನು ಹಿಡಿಯುತ್ತದೆ. ಕೇಳಲು ಬೆರಗಾಗುತ್ತದೆ, ನಿಜ. ಆದರೆ ಫಿಲ್ ಪವರ್ ಹೇಳುವುದು ಡೌನಿನ ಗುಣವನ್ನು, ಚೀಲ ಎಷ್ಟು ಬೆಚ್ಚಗಿರುತ್ತದೆ ಎಂಬುದನ್ನಲ್ಲ. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದು ಗೊತ್ತಿಲ್ಲದೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಒಂದು ಚೀಲದಲ್ಲಿ 850ರ ಡೌನ್ 450 ಗ್ರಾಂ ಇದೆ, ಇನ್ನೊಂದರಲ್ಲಿ 650ರದ್ದು 600 ಗ್ರಾಂ ಇದೆ ಅಂದುಕೊಳ್ಳಿ. ಗುಣಿಸಿ ನೋಡಿದರೆ ಮೊದಲನೆಯದು ಸುಮಾರು 221 ಲೀಟರ್, ಎರಡನೆಯದು 225 ಲೀಟರ್. ಬೆಚ್ಚಗೆ ಹೆಚ್ಚುಕಮ್ಮಿ ಒಂದೇ! ದುಬಾರಿ ಚೀಲದಲ್ಲಿ ಸಿಕ್ಕಿದ್ದು 150 ಗ್ರಾಂ ಹಗುರ ಮತ್ತು ಸ್ವಲ್ಪ ಸಣ್ಣ ಗಂಟು. ದಿನಗಟ್ಟಲೆ ನಡೆಯುವವರಿಗೆ ಅದು ದೊಡ್ಡ ಲಾಭ, ವರ್ಷಕ್ಕೆರಡು ಬಾರಿ ಹೋಗುವವರಿಗೆ ಅಷ್ಟೇನೂ ಅಲ್ಲ ಎಂದು ನನಗನಿಸುತ್ತದೆ. ತೂಕ ಬರೆಯದೆ ಬರೀ ಫಿಲ್ ಪವರ್ ಬರೆದಿರುವ ಚೀಲವನ್ನು ನಾನಂತೂ ಕೊಳ್ಳುವುದಿಲ್ಲ.

ಇನ್ನು ಚೀಟಿಯ ಮೇಲಿನ ಉಷ್ಣತೆ. ನಾನು ಮೊದಲು ಕೊಂಡ ಬ್ಯಾಗಿನ ಮೇಲೆ ದೊಡ್ಡದಾಗಿ ಮೈನಸ್ 15 ಎಂದಿತ್ತು. ಮೈನಸ್ 2ರ ರಾತ್ರಿಯಲ್ಲಿ ನಡುಗುತ್ತಾ ಕೂತು ಬೆಳಕು ಹರಿಯುವುದನ್ನೇ ಕಾದೆ. ಮನೆಗೆ ಬಂದು ಒಳಗಿನ ಸಣ್ಣ ಅಕ್ಷರ ಓದಿದಾಗ ತಿಳಿಯಿತು, ಮೈನಸ್ 15 ಎಂಬುದು ಎಕ್ಸ್‌ಟ್ರೀಮ್, ಕಂಫರ್ಟ್ ಇದ್ದದ್ದು 5 ಡಿಗ್ರಿ. ಐಎಸ್‌ಒ 23537 ಎಂಬ ಮಾನದಂಡದಲ್ಲಿ (ಇದಕ್ಕೆ ಮುಂಚೆ ಯುರೋಪಿನ ಇಎನ್ 13537 ಇತ್ತು) ಬಿಸಿ ಮಾಡಿದ ಒಂದು ಗೊಂಬೆಗೆ ತೆಳು ಒಳಉಡುಪು ತೊಡಿಸಿ, ಮ್ಯಾಟ್ ಮೇಲೆ ಚೀಲದೊಳಗೆ ಮಲಗಿಸಿ, ತಣ್ಣನೆ ಕೋಣೆಯಲ್ಲಿ ಅದು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂದು ಅಳೆಯುತ್ತಾರೆ. ಕಂಫರ್ಟ್ ಎಂದರೆ ಸಾಮಾನ್ಯ ಹೆಂಗಸೊಬ್ಬರು ಆರಾಮಾಗಿ ಮೈಚಾಚಿ ಮಲಗಬಹುದಾದ ಉಷ್ಣತೆ. ಲಿಮಿಟ್ ಎಂದರೆ ಸಾಮಾನ್ಯ ಗಂಡಸು ಮುದುಡಿಕೊಂಡು ಹೇಗೋ ನಿದ್ದೆ ಮಾಡಬಹುದಾದದ್ದು. ಎಕ್ಸ್‌ಟ್ರೀಮ್ ಎಂದರೆ ಆರು ಗಂಟೆ ಜೀವ ಉಳಿಯಬಹುದು, ಅಷ್ಟೇ. ಅದು ನಿದ್ದೆಯ ಅಂಕಿಯೇ ಅಲ್ಲ. ಅದನ್ನು ದಪ್ಪ ಅಕ್ಷರದಲ್ಲಿ ಹಾಕಿ ಮಾರುವುದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಕಂಫರ್ಟ್ ಒಂದನ್ನೇ ನೋಡಿ. ನೀವು ಎದುರಿಸಬಹುದಾದ ಅತಿ ಚಳಿಯ ರಾತ್ರಿಗಿಂತ ಅದು ಇನ್ನೊಂದು ಐದು ಡಿಗ್ರಿ ಕೆಳಗಿರಲಿ. ಬಿಸಿಯಾದರೆ ಝಿಪ್ ತೆಗೆಯಬಹುದು, ಚಳಿಯಾದರೆ ಹೆಚ್ಚೇನೂ ಮಾಡಲಾಗದು.

ಹೊಲಿಗೆಯನ್ನೂ ನೋಡಬೇಕು. ಹಗುರ ಚೀಲಗಳಲ್ಲಿ ಒಳಬಟ್ಟೆ, ಹೊರಬಟ್ಟೆ ಎರಡನ್ನೂ ಸೇರಿಸಿ ನೇರವಾಗಿ ಹೊಲಿದಿರುತ್ತಾರೆ. ಆ ಗೆರೆಯ ಉದ್ದಕ್ಕೂ ತುಪ್ಪಳವೇ ಇರುವುದಿಲ್ಲ, ಅಲ್ಲಿಂದ ಶಾಖ ಸೋರುತ್ತದೆ. ಚಳಿಗಾಲಕ್ಕೆ ಬೇಕಾದದ್ದು ಎರಡು ಬಟ್ಟೆಗಳ ನಡುವೆ ಗೋಡೆಯ ಹಾಗೆ ಜಾಲರಿ ಪಟ್ಟಿ ನಿಲ್ಲಿಸಿ ಹೊಲಿದ ಚೀಲ, ಬಾಕ್ಸ್ ಬ್ಯಾಫಲ್ ಎನ್ನುತ್ತಾರೆ. ತಲೆಗೆ ಹುಡ್, ಕುತ್ತಿಗೆಯ ಸುತ್ತ ತುಪ್ಪಳ ತುಂಬಿದ ಕಾಲರ್, ಝಿಪ್ಪಿನ ಹಿಂದೆ ಒಂದು ದಪ್ಪ ಪಟ್ಟಿ. ಹೊರಳಿದಾಗ ಒಳಗಿನ ಬಿಸಿ ಗಾಳಿ ಕತ್ತಿನಿಂದ ಹೊರನುಗ್ಗದಂತೆ ತಡೆಯುವುದು ಆ ಕಾಲರ್. ಅಳತೆಯೂ ಸರಿಯಿರಲಿ. ತೀರಾ ಬಿಗಿಯಾದರೆ ಮೊಣಕೈ, ಮಂಡಿ ಒತ್ತಿದಲ್ಲಿ ಡೌನ್ ಚಪ್ಪಟೆಯಾಗುತ್ತದೆ, ತೀರಾ ದೊಡ್ಡದಾದರೆ ಖಾಲಿ ಜಾಗವನ್ನೂ ನೀವೇ ಬಿಸಿ ಮಾಡಬೇಕಾಗುತ್ತದೆ.

ಒತ್ತಿದರೆ ಚಪ್ಪಟೆ ಎಂದೆನಲ್ಲ, ಬೆನ್ನ ಕೆಳಗೆ ಆಗುವುದೂ ಅದೇ. ನಿಮ್ಮ ಭಾರಕ್ಕೆ ಅಲ್ಲಿನ ಗಾಳಿಯೆಲ್ಲ ಹೊರಟುಹೋಗಿ, ಎಂಥ ಉತ್ತಮ ಡೌನ್ ಆದರೂ ಕೆಳಭಾಗದಲ್ಲಿ ಕೆಲಸಕ್ಕೆ ಬಾರದ ಹಾಗಾಗುತ್ತದೆ, ತಣ್ಣನೆಯ ನೆಲ ರಾತ್ರಿಯಿಡೀ ಶಾಖ ಎಳೆದುಕೊಳ್ಳುತ್ತದೆ. ನೆಲದ ಚಳಿಯನ್ನು ತಡೆಯಬೇಕಾದದ್ದು ಮ್ಯಾಟ್. ಅದರ ತಡೆಯುವ ಶಕ್ತಿಯೇ ಆರ್ ವ್ಯಾಲ್ಯೂ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಸೊನ್ನೆಯ ಆಸುಪಾಸಿನ ರಾತ್ರಿಗೆ 4, ಹಿಮದ ಮೇಲೆ ಮಲಗಲು 5ಕ್ಕಿಂತ ಹೆಚ್ಚು ಇದ್ದರೆ ನೆಮ್ಮದಿ. ಒಂದರ ಮೇಲೊಂದು ಹಾಸಿದರೆ ಅಂಕಿಗಳನ್ನು ಕೂಡಿಕೊಳ್ಳಬಹುದು: 2ರ ಫೋಮ್ ಮ್ಯಾಟ್ ಮೇಲೆ 3.5ರ ಗಾಳಿ ತುಂಬುವ ಮ್ಯಾಟ್ ಹಾಕಿದರೆ 5.5. ಕೈಯಲ್ಲಿರುವ ಹಣವೆಲ್ಲ ಬ್ಯಾಗಿಗೇ ಸುರಿದು ಮ್ಯಾಟಿಗೆ ಕೈ ಬಿಗಿ ಹಿಡಿಯಬೇಡಿ.

ಡೌನಿಗೆ ಒಂದು ದೌರ್ಬಲ್ಯವಿದೆ. ಒದ್ದೆಯಾದರೆ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಗಾಳಿಯ ಗೂಡುಗಳೇ ಇಲ್ಲವಾಗುತ್ತವೆ. ನೀರು ಹೊರಗಿನಿಂದ ಮಾತ್ರ ಬರುವುದಿಲ್ಲ. ನಿದ್ದೆಯಲ್ಲೂ ಚರ್ಮದಿಂದ ತೇವ ಆವಿಯಾಗುತ್ತಲೇ ಇರುತ್ತದೆ, ಅದು ತುಪ್ಪಳದೊಳಗೆ ನುಸುಳಿ ತಣ್ಣಗಿನ ಹೊರಪದರ ಸೇರುವಾಗ ಹನಿಯಾಗುತ್ತದೆ, ಕಡು ಚಳಿಯಲ್ಲಿ ಅಲ್ಲೇ ಮಂಜುಗಡ್ಡೆಯೂ ಆಗಬಹುದು. ಒಂದು ರಾತ್ರಿಗೆ ಗೊತ್ತಾಗುವುದಿಲ್ಲ. ನಾಲ್ಕೈದು ರಾತ್ರಿ ಕಳೆಯುವಷ್ಟರಲ್ಲಿ ಚೀಲ ಸೊರಗುತ್ತದೆ. ಅದಕ್ಕೇ ಹಗಲು ಬಿಸಿಲು ಕಂಡ ಕೂಡಲೇ ಬ್ಯಾಗನ್ನು ಒಳಹೊರಗು ಮಾಡಿ ಹರವಬೇಕು, ಎಷ್ಟೇ ಚಳಿಯಾದರೂ ಮುಖ ಒಳಗಿಟ್ಟು ಉಸಿರಾಡಬಾರದು. ನೀರು ಅಂಟದಂತೆ ಸಂಸ್ಕರಿಸಿದ ಡೌನ್ ಸ್ವಲ್ಪ ತಡೆದುಕೊಳ್ಳುತ್ತದೆ, ಆದರೆ ನೆನೆಯುವುದೇ ಇಲ್ಲ ಅಂತಲ್ಲ. ಬಿಡದೆ ಸುರಿಯುವ ಮಳೆಯಲ್ಲಿ ಹೋಗುವವರಿಗೆ ತುಪ್ಪಳದ ಬದಲು ಕೃತಕ ನಾರು ತುಂಬಿದ ಸಿಂಥೆಟಿಕ್ ಚೀಲವೇ ಸರಿ, ಭಾರ ಜಾಸ್ತಿಯಾದರೂ.

ಇನ್ನೊಂದು ಮಾತು ಹೇಳದೆ ಇರಲಾರೆ. ಈ ತುಪ್ಪಳ ಒಂದು ಹಕ್ಕಿಯದು. ಕೆಲವು ಕಡೆ ಜೀವಂತ ಹಕ್ಕಿಯಿಂದಲೇ ಕಿತ್ತು ತೆಗೆಯುವ ಕ್ರೌರ್ಯ ನಡೆದಿದೆ. 2014ರಲ್ಲಿ ಬಂದ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್ ಅದನ್ನೂ, ಬಲವಂತವಾಗಿ ಮೇವು ತುರುಕುವುದನ್ನೂ ನಿಷೇಧಿಸುತ್ತದೆ. ಚೀಟಿಯಲ್ಲಿ ಆ ಗುರುತು ಇದೆಯೇ ಎಂದು ದಯವಿಟ್ಟು ನೋಡಿ.

ಮನೆಯಲ್ಲಿ ಇಡುವಾಗ ಚೀಲವನ್ನು ಗಂಟು ಕಟ್ಟಿ ಇಡಬೇಡಿ, ತಿಂಗಳುಗಟ್ಟಲೆ ಹಿಂಡಿದ ಡೌನ್ ಮತ್ತೆ ಪೂರ್ತಿ ಅರಳುವುದಿಲ್ಲ. ದೊಡ್ಡ ಹತ್ತಿಯ ಚೀಲದಲ್ಲಿ ಸಡಿಲವಾಗಿ ಹಾಕಿಡಿ. ತೊಳೆಯಲು ಡೌನಿಗೆಂದೇ ಮಾಡಿದ ಸೋಪು ಬೇಕು. ಒಣಗಿಸುವುದಕ್ಕೆ ಡ್ರೈಯರ್‌ನಲ್ಲಿ ಕಡಿಮೆ ಬಿಸಿ ಇಟ್ಟು, ಜೊತೆಗೆ ಎರಡು ಟೆನ್ನಿಸ್ ಚೆಂಡು ಹಾಕಿದರೆ ಅವು ಬಡಿದು ಬಡಿದು ಮುದ್ದೆಗಳನ್ನು ಒಡೆಯುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ. ಹೊರಬಟ್ಟೆ ಒಣಗಿದೆ ಎಂದು ನಿಲ್ಲಿಸಬೇಡಿ, ಕೈಯಾಡಿಸಿದರೆ ಒಂದು ಸಣ್ಣ ಗಂಟೂ ಸಿಗದಿರುವ ತನಕ ಬಿಡಿ.