ಪದ ಪರಿಚಯ: ಅಥ್ಲೆಟಿಕ್ ಕಾನ್ಫರೆನ್ಸ್, ಅದರೊಳಗಿನ ಫುಟ್‌ಬಾಲ್ ಲೀಗು

‘ಅಥ್ಲೆಟಿಕ್ ಕಾನ್ಫರೆನ್ಸ್’ ಎಂಬುದನ್ನು ಕನ್ನಡಕ್ಕೆ ತರುವಾಗ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು ‘ಸಮ್ಮೇಳನ’. ವೇದಿಕೆ, ಅಧ್ಯಕ್ಷರ ಭಾಷಣ, ಊಟದ ಕೂಪನ್ ಯಾವುದೂ ಇಲ್ಲಿಲ್ಲ. ಎರಡನೆಯದು ‘ಕ್ರೀಡಾಕೂಟ’. ನಮ್ಮಲ್ಲಿ ಕ್ರೀಡಾಕೂಟ ಒಂದೆರಡು ದಿನ ನಡೆದು, ಬಹುಮಾನ ಹಂಚಿ, ಶಾಮಿಯಾನ ಬಿಚ್ಚಿದರೆ ಮುಗಿಯಿತು. ಅಮೆರಿಕದ ಶಾಲಾ ಕ್ರೀಡೆಯಲ್ಲಿ ಕಾನ್ಫರೆನ್ಸ್ ಎಂದರೆ ಅಕ್ಕಪಕ್ಕದ ಊರುಗಳ ಹೈಸ್ಕೂಲುಗಳು ‘ಪ್ರತಿವರ್ಷ ನಾವು ನಾವೇ ಸರದಿ ಪ್ರಕಾರ ಆಡೋಣ’ ಎಂದು ಮಾಡಿಕೊಂಡಿರುವ ಒಕ್ಕೂಟ. ‘ಶಾಲೆಗಳ ಕ್ರೀಡಾ ಒಕ್ಕೂಟ’ ಎಂದರೆ ಅರ್ಥ ಕೆಡುವುದಿಲ್ಲ. ‘ಕನ್ನಡ ಕೂಟ’ ಎನ್ನುವಾಗಿನ ‘ಕೂಟ’ವೂ ಒಪ್ಪುತ್ತದೆ, ಆದರೆ ಅದಕ್ಕೆ ‘ಕ್ರೀಡಾ’ ಅಂಟಿಸಿದೊಡನೆ ಮತ್ತೆ ಶಾಮಿಯಾನವೇ ಕಣ್ಣಿಗೆ ಬರುತ್ತದೆ.

ಫುಟ್‌ಬಾಲ್ ಎಂದರೂ ಇಲ್ಲಿ ಬೇರೆಯದೇ. ನಾವು ಫುಟ್‌ಬಾಲ್ ಎನ್ನುವುದು ಅಲ್ಲಿ ಸಾಕರ್. ಅವರ ಫುಟ್‌ಬಾಲಿನಲ್ಲಿ ಚೆಂಡು ಎರಡು ತುದಿಯಲ್ಲೂ ಚೂಪು, ಆಟಗಾರರ ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡು. ಒಂದು ಕಡೆಗೆ 11 ಮಂದಿ, ಹೈಸ್ಕೂಲಿನಲ್ಲಾದರೆ 12 ನಿಮಿಷದ ನಾಲ್ಕು ಕ್ವಾರ್ಟರ್, ಮೈದಾನ ಗೆರೆಯಿಂದ ಗೆರೆಗೆ 100 ಗಜ ಮತ್ತು ಎರಡೂ ತುದಿಗೆ ಪಾಯಿಂಟ್ ಗಳಿಸಲು ಚೆಂಡು ಮುಟ್ಟಿಸಬೇಕಾದ ಹತ್ತತ್ತು ಗಜದ ಎಂಡ್ ಝೋನ್. ಕೈಯಲ್ಲಿ ಚೆಂಡು ಹಿಡಿದು ಓಡುವ, ಓಡುವವನನ್ನು ಮೈಮೇಲೆ ಬಿದ್ದು ಕೆಡಹುವ ಆಟ. ಈ ಕೆಡಹುವಿಕೆ ನೆನಪಿರಲಿ, ಲೀಗುಗಳನ್ನು ಒಡೆಯುವುದಕ್ಕೂ ಜೋಡಿಸುವುದಕ್ಕೂ ಅದೇ ಕಾರಣ.

ಕರ್ನಾಟಕದಲ್ಲಿ ಶಾಲಾ ಕ್ರೀಡೆಯ ಏಣಿ ಎಲ್ಲರಿಗೂ ಗೊತ್ತು: ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಹೋಬಳಿ ಮಟ್ಟದಲ್ಲಿ ಬೆಳಿಗ್ಗೆ ಸೋತ ಕಬಡ್ಡಿ ತಂಡಕ್ಕೆ ಆ ವರ್ಷದ ಆಟ ಅಲ್ಲಿಗೇ ಮುಗಿದಂತೆ. ಕಾನ್ಫರೆನ್ಸಿನ ಲೆಕ್ಕ ತಲೆಕೆಳಗು. ಸೋಲಲಿ, ಗೆಲ್ಲಲಿ, ಒಕ್ಕೂಟದ ಪ್ರತಿ ಶಾಲೆಗೂ ಋತು ಪೂರ್ತಿ ಪಂದ್ಯ ಇದ್ದೇ ಇರುತ್ತದೆ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಶಾಲೆಗಳಲ್ಲಿಲ್ಲ, ಕ್ಲಬ್ಬುಗಳಲ್ಲಿದೆ. ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್, ಎ ಡಿವಿಷನ್, ಬಿ ಡಿವಿಷನ್‌ಗಳನ್ನು ನೆನೆದರೆ ಮುಂದಿನದು ಸಲೀಸು.

ಒಂದು ನಿಜವಾದ ಒಕ್ಕೂಟವನ್ನೇ ತೆಗೆದುಕೊಳ್ಳೋಣ: ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ವ್ಯಾಲಿ ಅಥ್ಲೆಟಿಕ್ ಲೀಗ್. ಕನ್ನಡಿಗರ ಮನೆಗಳು ಸಾಕಷ್ಟಿರುವ ಕೂಪರ್ಟಿನೊ, ಸನಿವೇಲ್, ಮಿಲ್ಪಿಟಾಸ್ ಮಕ್ಕಳ ಶಾಲೆಗಳು ಬರುವುದು ಇದರಲ್ಲೇ. ಹೆಸರಿನಲ್ಲಿ ‘ಲೀಗ್’ ಎಂದಿದ್ದರೂ ಕೆಲಸ ಕಾನ್ಫರೆನ್ಸಿನದು. ಬಹುಕಾಲ 14 ಶಾಲೆಗಳ ಗುಂಪು ಎಂದೇ ಇದಕ್ಕೆ ಹೆಸರು: ಕೂಪರ್ಟಿನೊ, ಫ್ರೀಮಾಂಟ್, ಗನ್, ಹೋಮ್‌ಸ್ಟೆಡ್, ಲಾಸ್ ಆಲ್ಟೋಸ್, ಲಾಸ್ ಗ್ಯಾಟೋಸ್, ಲಿನ್‌ಬ್ರೂಕ್, ಮಿಲ್ಪಿಟಾಸ್, ಮಾಂಟಾ ವಿಸ್ಟಾ, ಮೌಂಟನ್ ವ್ಯೂ, ಪಾಲೊ ಆಲ್ಟೊ, ಸಾಂಟಾ ಕ್ಲಾರಾ, ಸ್ಯಾರಟೋಗಾ, ವಿಲ್ಕಾಕ್ಸ್. ಸ್ಟೀವ್ ಜಾಬ್ಸ್ ಓದಿದ್ದು ಇದೇ ಹೋಮ್‌ಸ್ಟೆಡ್‌ನಲ್ಲಿ. ಹೊಸಬರು ಎಡವುವ ಒಂದು ಜಾಗ: ಫ್ರೀಮಾಂಟ್ ಹೈಸ್ಕೂಲ್ ಇರುವುದು ಸನಿವೇಲ್‌ನಲ್ಲಿ. ಫ್ರೀಮಾಂಟ್ ನಗರ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದಲ್ಲಿದೆ, ಅದರ ಶಾಲೆಗಳ ಒಕ್ಕೂಟವೂ ಬೇರೆ. ‘ಫ್ರೀಮಾಂಟ್‌ನಲ್ಲಿ ಮ್ಯಾಚ್’ ಎಂಬುದನ್ನು ಅರ್ಧ ಕೇಳಿಸಿಕೊಂಡು ಸೇತುವೆ ದಾಟಿದರೆ ಮೊದಲ ಕ್ವಾರ್ಟರ್ ಕೈತಪ್ಪುವುದು ಖಂಡಿತ.

ಈ ಒಕ್ಕೂಟದ ಮೇಲೆ ಆ ಪ್ರದೇಶದ ಒಕ್ಕೂಟಗಳನ್ನೆಲ್ಲ ನೋಡಿಕೊಳ್ಳುವ ಸೆಂಟ್ರಲ್ ಕೋಸ್ಟ್ ಸೆಕ್ಷನ್, ಅದರ ಮೇಲೆ ಇಡೀ ರಾಜ್ಯದ ಶಾಲಾ ಕ್ರೀಡೆಗೆ 1914ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾ ಇಂಟರ್‌ಸ್ಕಾಲಾಸ್ಟಿಕ್ ಫೆಡರೇಷನ್. ಕೆಲಸದ ಹಂಚಿಕೆ ಹೀಗೆ: ವೇಳಾಪಟ್ಟಿ, ಲೀಗ್ ಚಾಂಪಿಯನ್, ಸಮ ಆದಾಗ ಏನು ಎಂಬುದು ಒಕ್ಕೂಟದ ಪಾಲು. ಲೀಗ್ ಮುಗಿದ ಮೇಲೆ ಮುಂದಿದ್ದವರ ನಡುವೆ ನಡೆಯುವ, ಸೋತವರು ಹೊರಬೀಳುವ ಪ್ಲೇಆಫ್ ಸೆಕ್ಷನ್ನಿನ ಪಾಲು. ವಯಸ್ಸು, ಪರೀಕ್ಷೆಯ ಅಂಕ, ಶಾಲೆ ಬದಲಿಸಿದವರ ಅರ್ಹತೆ ಫೆಡರೇಷನ್ ನಿಯಮದ ಪಾಲು. ಒಕ್ಕೂಟದಲ್ಲಿ ಮತ ಹಾಕುವವರು ಕೋಚ್‌ಗಳಲ್ಲ, ಶಾಲೆಗಳ ಪ್ರಿನ್ಸಿಪಾಲರು ಅಥವಾ ಅವರ ಪ್ರತಿನಿಧಿಗಳು.

ಇನ್ನು ‘ಲೀಗ್’ ಒಕ್ಕೂಟದ ಒಳಗೆ ಏಕೆ ಹುಟ್ಟುತ್ತದೆ? ಕಾಗದ ಪೆನ್ನು ಹಿಡಿದರೆ ಉತ್ತರ ಸಿಗುತ್ತದೆ. ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಬೇಕೆಂದರೆ 14 ತಂಡಗಳಿಗೆ 13 ಸುತ್ತು ಬೇಕು. ಬ್ಯಾಸ್ಕೆಟ್‌ಬಾಲ್ ಆದರೆ ವಾರಕ್ಕೆರಡು ಪಂದ್ಯ ಆಡಿಸಿ ಏಳು ವಾರದಲ್ಲಿ ಮುಗಿಸಬಹುದು. ಫುಟ್‌ಬಾಲಿನಲ್ಲಿ ಆಗದು. ಶುಕ್ರವಾರ ರಾತ್ರಿ ಆಡಿದ ಹುಡುಗನ ಮೈ ಮುಂದಿನ ಶುಕ್ರವಾರಕ್ಕೇ ಸರಿಹೋಗುವುದು. ಹೀಗಾಗಿ ವಾರಕ್ಕೊಂದೇ ಪಂದ್ಯ. ಕ್ಯಾಲಿಫೋರ್ನಿಯಾದಲ್ಲಿ ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲವರೆಗೆ ಒಟ್ಟು 10 ಪಂದ್ಯ, ಅಷ್ಟೇ. ಆದ್ದರಿಂದ ಗುಂಪು ಒಡೆಯಲೇಬೇಕು.

ಎಷ್ಟಾಗಿ ಒಡೆಯಬೇಕು ಎಂಬಲ್ಲಿ ಸ್ವಾರಸ್ಯವಿದೆ. ಆರು ತಂಡಗಳಾದರೆ ಐದು ವಾರ, ವಾರಕ್ಕೆ ಮೂರು ಪಂದ್ಯ, ಒಟ್ಟು 15; ಲೆಕ್ಕ ಚೊಕ್ಕ. ಎಂಟಾದರೆ ಏಳು ವಾರ, 28 ಪಂದ್ಯ. ಇದೇ ಸೆಕ್ಷನ್ನಿನ ವೆಸ್ಟ್ ಕ್ಯಾಥೊಲಿಕ್ ಅಥ್ಲೆಟಿಕ್ ಲೀಗ್ ಫುಟ್‌ಬಾಲಿನಲ್ಲಿ ಎಂಟು ಶಾಲೆಗಳದು. ಅಮೆರಿಕನ್ ಫುಟ್‌ಬಾಲಿನ ದಿಗ್ಗಜ ಟಾಮ್ ಬ್ರೇಡಿ ಓದಿದ ಸೆರಾ ಅದರಲ್ಲೊಂದು. ಅಲ್ಲಿ ಏಳು ಲೀಗ್ ಪಂದ್ಯ ಕಳೆದರೆ ಹೊರಗಿನವರೊಡನೆ ಆಡಲು ಉಳಿಯುವುದು ಮೂರೇ. ತಲೆನೋವು ಏಳು ತಂಡಗಳದು. ಬೆಸಸಂಖ್ಯೆಯಾದ್ದರಿಂದ ವಾರವಾರವೂ ಒಬ್ಬರು ಖಾಲಿ ಕೂರಬೇಕು, ಇದನ್ನೇ ‘ಬೈ’ ಎನ್ನುವುದು. ಆರು ಪಂದ್ಯಕ್ಕೆ ಏಳು ವಾರ ಹೋಗುತ್ತದೆ. ಖಾಲಿ ಕೂತ ತಂಡ ಅಕ್ಟೋಬರ್ ನಡುವೆ ಎದುರಾಳಿಯನ್ನು ಹುಡುಕಿದರೆ ಸಿಗುವುದಿಲ್ಲ, ಉಳಿದವರೆಲ್ಲ ತಮ್ಮ ತಮ್ಮ ಲೀಗಿನಲ್ಲಿ ಸಿಕ್ಕಿಕೊಂಡಿರುತ್ತಾರೆ. ಪಕ್ಕದ ಲೀಗೂ ಏಳರದ್ದಾಗಿದ್ದರೆ ಅಲ್ಲಿನ ಬೈ ತಂಡವನ್ನು ಇಲ್ಲಿನ ಬೈ ತಂಡಕ್ಕೆ ಗಂಟುಹಾಕುವುದೊಂದೇ ದಾರಿ.

ಸಾಂಟಾ ಕ್ಲಾರಾ ವ್ಯಾಲಿಯವರು ಒಡೆದುಕೊಂಡದ್ದು ಡಿ ಆಂಜಾ, ಎಲ್ ಕಮಿನೊ ಎಂಬ ಎರಡು ಡಿವಿಷನ್ನಾಗಿ. ಮೊದಲನೆಯದು 1776ರಲ್ಲಿ ಆ ದಾರಿಯಾಗಿ ಬಂದ ಸ್ಪೇನಿನ ದಂಡನಾಯಕನ ಹೆಸರು, ಎರಡನೆಯದು ಊರುಗಳ ನಡುವೆ ಹಾಯುವ ಹಳೆಯ ಹೆದ್ದಾರಿಯದು. ಹೆಸರು ನೋಡಿದರೆ ಭೂಗೋಳದ ವಿಂಗಡಣೆ ಎನಿಸುತ್ತದೆ, ಅಲ್ಲ. ಡಿ ಆಂಜಾ ಬಲಿಷ್ಠರದು, ಎಲ್ ಕಮಿನೊ ಅವರ ಕೆಳಗಿನವರದು. ಒಂದೇ ಊರಿನ ಎರಡು ಶಾಲೆಗಳು ಬೇರೆ ಬೇರೆ ಡಿವಿಷನ್‌ನಲ್ಲಿರಬಹುದು. ಅದೇ ಶಾಲೆ ಟೆನಿಸ್‌ನಲ್ಲಿ ಮೇಲೆ, ಫುಟ್‌ಬಾಲಿನಲ್ಲಿ ಕೆಳಗೆ ಇರುವುದೂ ಉಂಟು. 2022ರಿಂದ ಫುಟ್‌ಬಾಲಿನ ಮಟ್ಟಿಗೆ ಈ ಒಕ್ಕೂಟ ಉತ್ತರದ ನೆರೆಯಾದ ಪೆನಿನ್ಸುಲಾ ಅಥ್ಲೆಟಿಕ್ ಲೀಗಿನ ಜೊತೆ ಸೇರಿ ಬಲದ ಪ್ರಕಾರ ಗುಂಪುಗಳನ್ನು ಮಾಡಿಕೊಂಡಿತು. ಲಾಸ್ ಗ್ಯಾಟೋಸ್ ಹೆಸರಿನ ಎದುರು ‘ಬೇ ಡಿವಿಷನ್’ ಎಂದು ಕಂಡು ಗೊಂದಲವಾದವರಿಗೆ ಕಾರಣ ಇಷ್ಟೇ, ಅದು ಈ ಜಂಟಿ ಗುಂಪುಗಳಲ್ಲೊಂದು. ದಕ್ಷಿಣದ ಆರೆಂಜ್ ಕೌಂಟಿ ಇನ್ನೂ ಮುಂದೆ ಹೋಗಿ, 2024ರಿಂದ ಫುಟ್‌ಬಾಲಿಗೆಂದೇ ಆಲ್ಫಾ, ಬ್ರಾವೊ, ಎಪ್ಸಿಲಾನ್, ಫಾಕ್ಸ್‌ಟ್ರಾಟ್ ಎಂಬಂಥ ಹೆಸರಿನ ಲೀಗುಗಳನ್ನು ಕಟ್ಟಿತು. ಮೇಟರ್ ಡೈ, ಸೇಂಟ್ ಜಾನ್ ಬಾಸ್ಕೊದಂಥ ದೈತ್ಯರ ಟ್ರಿನಿಟಿ ಲೀಗನ್ನು ಮಾತ್ರ ಮುಟ್ಟಲಿಲ್ಲ.

ಈ ಜರಡಿ ಹಿಡಿಯುವಿಕೆ ಬರೀ ಗೌರವದ ಪ್ರಶ್ನೆಯಲ್ಲ. ಟೆನಿಸ್‌ನಲ್ಲಿ ಸಮಬಲವಿಲ್ಲದಿದ್ದರೆ 6–0ಗೆ ಸೋತು ಮನೆಗೆ ಹೋಗುತ್ತೀರಿ. ಫುಟ್‌ಬಾಲಿನಲ್ಲಿ 60 ಮಂದಿಯ ತಂಡದೆದುರು 24 ಮಂದಿಯ ತಂಡ ನಿಂತರೆ ಆ 24ರಲ್ಲಿ ಬಹುತೇಕರು ದಾಳಿಗೂ ರಕ್ಷಣೆಗೂ ತಾವೇ ಇಳಿಯಬೇಕು. ಮೂರನೇ ಕ್ವಾರ್ಟರ್ ಹೊತ್ತಿಗೆ ಕಾಲು ಸೋತಿರುತ್ತದೆ, ತಲೆ ತಗ್ಗಿಸಿ ಡಿಕ್ಕಿ ಹೊಡೆಯುವ ತಪ್ಪು ಆಗುವುದು ಆವಾಗಲೇ. ತಲೆಗೆ ಪೆಟ್ಟಾಗಿ ಕನ್ಕಷನ್ (ಮಿದುಳಿಗೆ ಆಘಾತ) ಎಂದು ಗೊತ್ತಾದರೆ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ವೈದ್ಯರ ನಿಗಾದಲ್ಲಿ ಕನಿಷ್ಠ 7 ದಿನ ಕಳೆದ ಮೇಲೆಯೇ ಮರಳಬಹುದು. ಅಂದರೆ ಮುಂದಿನ ವಾರಕ್ಕೆ 23 ಮಂದಿ. ಮೈಗೆ ಮೈ ತಾಗುವ ಪೂರ್ಣ ಅಭ್ಯಾಸ ಋತುವಿನಲ್ಲಿ ವಾರಕ್ಕೆ ಎರಡೇ ದಿನ, ದಿನಕ್ಕೆ 90 ನಿಮಿಷ ಮೀರದಂತೆ; ಇದೂ 2015ರಿಂದ ಕಾನೂನೇ. ಸಂಖ್ಯೆ ಕರಗುತ್ತಾ ಬಂದ ಶಾಲೆ ಮೊದಲು ಕಿರಿಯರ ತಂಡವನ್ನು ಕೈಬಿಡುತ್ತದೆ, ಅದಾದ ಒಂದೆರಡು ವರ್ಷದಲ್ಲಿ ಹಿರಿಯರ ತಂಡಕ್ಕೆ ಆಟ ಗೊತ್ತಿರುವ ಹುಡುಗರೇ ಬರುವುದಿಲ್ಲ. ಆಮೇಲೆ ಉಳಿಯುವುದು ನೆರೆಯ ಶಾಲೆಯೊಡನೆ ಜಂಟಿ ತಂಡ, ಇಲ್ಲವೇ 80 ಗಜ ಉದ್ದ 40 ಗಜ ಅಗಲದ ಚಿಕ್ಕ ಮೈದಾನದಲ್ಲಿ ಎಂಟು ಮಂದಿಯ ಆಟ. ಆರರ ಲೀಗಿನಲ್ಲಿ ಒಂದು ತಂಡ ಋತುವಿನ ನಡುವೆ ಕೈಚೆಲ್ಲಿದರೆ ಉಳಿದ ಐವರಿಗೂ ಪೆಟ್ಟು: ಗೆಲುವು ಪುಕ್ಕಟೆ ಸಿಗುತ್ತದೆ, ಮನೆಯಂಗಳದ ಪಂದ್ಯದ ಟಿಕೆಟ್ ಹಣ ಹೋಗುತ್ತದೆ.

ಅಂಕಪಟ್ಟಿ ಓದುವ ಬಗೆ. ಒಂದು ಶಾಲೆಯ ಎದುರು ‘4–1, 6–4’ ಎಂದಿದ್ದರೆ ಮೊದಲ ಜೋಡಿ ಲೀಗಿನದು, ಎರಡನೆಯದು ಒಟ್ಟಾರೆ. ಅಂದರೆ ಹೊರಗಿನವರೊಡನೆ ಆಡಿದ ಐದರಲ್ಲಿ ಎರಡೇ ಗೆದ್ದು ಮೂರು ಸೋತಿದ್ದಾರೆ. ಆದರೂ ಅವರೇ ಚಾಂಪಿಯನ್ ಆಗಬಹುದು, ಲೀಗ್ ಪಟ್ಟಕ್ಕೆ ಮೊದಲ ಜೋಡಿ ಮಾತ್ರ ಲೆಕ್ಕ. ಎರಡನೆಯ ಜೋಡಿ ವ್ಯರ್ಥವೆಂದಲ್ಲ. ಲೀಗಿನಲ್ಲಿ ಮುಂದಿದ್ದವರಿಗೆ ಪ್ಲೇಆಫ್ ಜಾಗ ತಾನಾಗಿ ಸಿಗುತ್ತದೆ, ಮಿಕ್ಕ ಜಾಗಗಳಿಗೆ ಎಂಥವರೊಡನೆ ಆಡಿ ಎಷ್ಟು ಗೆದ್ದಿರಿ ಎಂಬ ಪಾಯಿಂಟ್ ಬೇಕು. ಸೆಂಟ್ರಲ್ ಕೋಸ್ಟ್ ಸೆಕ್ಷನ್ ಇದಕ್ಕಾಗಿ ಲೀಗುಗಳನ್ನೇ ಎ, ಬಿ, ಸಿ ಎಂದು ತೂಗಿದೆ. ಸೆಪ್ಟೆಂಬರ್‌ನಲ್ಲಿ ಬಲಿಷ್ಠರನ್ನು ಬೇಕೆಂದೇ ಕರೆದು ಸೋಲುವ ಕೋಚ್‌ಗಳನ್ನು ಕಂಡು ನಗಬೇಡಿ, ಅವರು ಲೆಕ್ಕ ಬಲ್ಲವರು.

ಇಬ್ಬರು ಸಮ ಆದರೆ ಪರಸ್ಪರ ಪಂದ್ಯ ಗೆದ್ದವರು ಮೇಲೆ. ಮೂವರು ಸಮ ಆಗಿ, ಒಬ್ಬರನ್ನೊಬ್ಬರು ಸುತ್ತುಹಾಕಿ ಸೋಲಿಸಿದ್ದರೆ ಕಷ್ಟ. ಪಾಯಿಂಟ್ ಅಂತರ ನೋಡುವ ಕಡೆ ಸೋತವರ ಮೇಲೆ ರಾಶಿ ಹೇರುವ ಆಸೆ ಹುಟ್ಟುತ್ತದೆ, ಹಾಗಾಗಿ ಅಂತರಕ್ಕೆ ಮಿತಿ ಹಾಕುವುದುಂಟು. ಕೊನೆಗೆ ನಾಣ್ಯ. 1988ರಲ್ಲಿ ಟೆಕ್ಸಸ್‌ನ ಪರ್ಮಿಯನ್, ಮಿಡ್‌ಲ್ಯಾಂಡ್ ಲೀ, ಮಿಡ್‌ಲ್ಯಾಂಡ್ ಹೈ ಎಂಬ ಶಾಲೆಗಳು ಮೂರೂ ಸಮ, ಪ್ಲೇಆಫ್ ಜಾಗ ಎರಡು. ಮೂವರೂ ಒಟ್ಟಿಗೆ ನಾಣ್ಯ ಚಿಮ್ಮಬೇಕು, ಇಬ್ಬರದು ಒಂದೇ ಮುಖ ಬಿದ್ದು ಒಬ್ಬನದು ಬೇರೆಯಾದರೆ ಆ ಒಬ್ಬ ಹೊರಕ್ಕೆ. ಮೂರೂ ಒಂದೇ ಬಿದ್ದರೆ ಮತ್ತೊಮ್ಮೆ. ಹಾಗಾಗುವ ಸಂಭವ ನಾಲ್ಕರಲ್ಲೊಂದು. ಹೊರಬಿದ್ದದ್ದು ಮಿಡ್‌ಲ್ಯಾಂಡ್ ಹೈ.

ಟೆಕ್ಸಸ್ ಎಂದಾಗ ಪದದ ಇನ್ನೊಂದು ಬಲೆ. ಅಲ್ಲಿ ‘ಕಾನ್ಫರೆನ್ಸ್’ ಎಂದರೆ ನೆರೆಹೊರೆಯ ಒಕ್ಕೂಟವೇ ಅಲ್ಲ, ವಿದ್ಯಾರ್ಥಿ ಸಂಖ್ಯೆಯ ಮೇಲೆ ಮಾಡಿದ 1ಎಯಿಂದ 6ಎವರೆಗಿನ ದರ್ಜೆ. ಪರಸ್ಪರ ಆಡುವ ಗುಂಪಿಗೆ ಅಲ್ಲಿ ‘ಡಿಸ್ಟ್ರಿಕ್ಟ್’ ಎನ್ನುತ್ತಾರೆ. ಅದನ್ನು ‘ಜಿಲ್ಲೆ’ ಎಂದು ಅನುವಾದಿಸಿದರೆ ಮುಗಿಯಿತು ಕಥೆ. ಕಾಲೇಜು ಮಟ್ಟಕ್ಕೆ ಹೋದರೆ ಕಾನ್ಫರೆನ್ಸಿಗೆ ನೆರೆಹೊರೆಯ ಹಂಗೂ ಇಲ್ಲ: ಪೆಸಿಫಿಕ್ ಬದಿಯ ಸ್ಟ್ಯಾನ್‌ಫರ್ಡ್ 2024ರಿಂದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ಸದಸ್ಯ. ಹೈಸ್ಕೂಲಿಗೆ ಆ ಐಷಾರಾಮವಿಲ್ಲ. ಹಳದಿ ಬಸ್ಸು ಸಂಜೆ ಟ್ರಾಫಿಕ್ಕಿನಲ್ಲಿ ಪಾಲೊ ಆಲ್ಟೊದಿಂದ ಲಾಸ್ ಗ್ಯಾಟೋಸ್‌ವರೆಗಿನ 30 ಕಿ.ಮೀ. ಚಿಲ್ಲರೆ ದಾರಿ ಮುಗಿಸಿ, ಪಂದ್ಯ ಮುಗಿದ ಮೇಲೆ ಮಕ್ಕಳನ್ನು ಅದೇ ರಾತ್ರಿ ಮನೆಗೆ ತಲುಪಿಸಬೇಕು. ನವೆಂಬರಿನಲ್ಲಿ ಫುಟ್‌ಬಾಲ್ ಮುಗಿದು ಬ್ಯಾಸ್ಕೆಟ್‌ಬಾಲ್ ಶುರುವಾದರೆ ಶಾಲೆಗಳೆಲ್ಲ ತಮ್ಮ ಹಳೆಯ ನೆರೆಹೊರೆಗೇ ಮರಳುತ್ತವೆ. ‘ಬೇ ಡಿವಿಷನ್’ ಮತ್ತೆ ಯಾರದಾದರೂ ಬಾಯಿಗೆ ಬರುವುದು ಮುಂದಿನ ಆಗಸ್ಟಿಗೆ.