ಸ್ವಿಚ್‌ಗೆ ಮೊದಲು ಕನ್ಸೋಲ್, ಆಮೇಲೆ ವಿದ್ಯುತ್

ಹೊಸ ನೆಟ್‌ವರ್ಕ್ ಸ್ವಿಚ್ (ಹಲವು ಕಂಪ್ಯೂಟರ್‌ಗಳನ್ನು ಒಂದು ಜಾಲಕ್ಕೆ ಸೇರಿಸುವ ಪೆಟ್ಟಿಗೆ) ಕೈಗೆ ಬಂದೊಡನೆ ಪವರ್ ಕೇಬಲ್ ಚುಚ್ಚುವ ಆತುರ ಬೇಡ. ರ‍್ಯಾಕ್‌ನಲ್ಲಿ ಕೂರಿಸಿ, ಗಾಳಿಯ ದಾರಿ ಮುಚ್ಚಿಲ್ಲವೆಂದು ನೋಡಿ, ಅರ್ಥಿಂಗ್ ತಂತಿ ಬಿಗಿದ ಮೇಲೆ ಲ್ಯಾಪ್‌ಟಾಪ್‌ನಿಂದ ಕನ್ಸೋಲ್ ಕೇಬಲ್ (ಸ್ವಿಚ್‌ನ ಸಂದೇಶ ಓದಿ ಆದೇಶ ಕೊಡಲು ಬಳಸುವ ತಂತಿ) ಜೋಡಿಸಿ. ವಿದ್ಯುತ್ತಿನ ಸರದಿ ಕೊನೆಗೆ.

ಈ ಕ್ರಮಕ್ಕೆ ಬಲವಾದ ಕಾರಣವಿದೆ. ಆನ್ ಆದ ಸ್ವಿಚ್ ತನ್ನ ಯಂತ್ರಾಂಶವನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ, ಫ್ಲ್ಯಾಶ್ ಮೆಮೊರಿಯಿಂದ ಆಪರೇಟಿಂಗ್ ಸಿಸ್ಟಂ ತೆಗೆದುಕೊಳ್ಳುತ್ತದೆ, ಪ್ರತಿ ಹೆಜ್ಜೆಯನ್ನೂ ಕನ್ಸೋಲ್‌ನಲ್ಲಿ ಬರೆಯುತ್ತದೆ. ತಡವಾಗಿ ಜೋಡಿಸಿದವರಿಗೆ ಈ ಸಾಲುಗಳು ಸಿಗುವುದಿಲ್ಲ. ದೋಷವಿದ್ದರೆ ಅದರ ಸುಳಿವು ಇರುವುದೇ ಅಲ್ಲಿ!

ಕನ್ಸೋಲ್‌ನ ಸಾಲುಗಳನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸುವ ಟರ್ಮಿನಲ್ ತಂತ್ರಾಂಶದಲ್ಲಿ ಸಾಮಾನ್ಯವಾಗಿ ವೇಗ ಸೆಕೆಂಡಿಗೆ 9600 ಬಿಟ್, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ (ಡೇಟಾ ಹರಿವಿನ ನಿಯಂತ್ರಣ) ಇಲ್ಲ. ಕೆಲವು ತಯಾರಕರ ಸಾಧನಗಳಿಗೆ ವೇಗ 115200. ಪರದೆಯಲ್ಲಿ ಅರ್ಥವಾಗದ ಅಕ್ಷರಗಳು ಸುರಿದರೆ ಮೊದಲು ವೇಗವನ್ನೇ ಅನುಮಾನಿಸಿ. ಬರಹ ಸರಿಯಾಗಿ ಬರುತ್ತಿದೆ, ಆದರೆ ನೀವು ಟೈಪ್ ಮಾಡಿದ್ದು ಮೂಡುತ್ತಿಲ್ಲ ಎಂದರೆ ಫ್ಲೋ ಕಂಟ್ರೋಲ್ ನೋಡಿ. ಏನೂ ಕಾಣದಿದ್ದರೆ ಆರಿಸಿದ ಕಾಮ್ ಪೋರ್ಟ್ (ಲ್ಯಾಪ್‌ಟಾಪ್‌ನಲ್ಲಿ ಕನ್ಸೋಲ್ ಕೇಬಲ್‌ಗೆ ಸಿಕ್ಕ ಪೋರ್ಟಿನ ಹೆಸರು) ಅಥವಾ ಕೇಬಲ್ ತಪ್ಪಿರಬಹುದು. ಇನ್ನೊಂದು ಎಚ್ಚರಿಕೆ: ಅನೇಕ ಸ್ವಿಚ್‌ಗಳಲ್ಲಿ ಕನ್ಸೋಲ್ ಪೋರ್ಟ್ ಈಥರ್ನೆಟ್ ಪೋರ್ಟಿನಂತೆಯೇ ಕಾಣುತ್ತದೆ. ಅದು ಸೀರಿಯಲ್ ಪೋರ್ಟ್. ಮಾಮೂಲಿ ಲ್ಯಾನ್ ಕೇಬಲ್ ಹಾಕಿ ಐಪಿ ವಿಳಾಸಕ್ಕೆ ಕಾದು ಫಲವಿಲ್ಲ.

ಇನ್ನು ಕಂಪ್ಯೂಟರ್ ಜೋಡಿಸಿದಾಗ ಸಿಸ್ಕೋ ಕ್ಯಾಟಲಿಸ್ಟ್‌ನಂಥ ಸ್ವಿಚ್‌ಗಳಲ್ಲಿ ಪೋರ್ಟಿನ ದೀಪ ಸುಮಾರು 30 ಸೆಕೆಂಡ್ ಕಿತ್ತಳೆಯಾಗಿಯೇ ಇರಬಹುದು. ಕೇಬಲ್ ಕಿತ್ತು ಮತ್ತೆ ಹಾಕಬೇಡಿ, ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಜಾಲದಲ್ಲಿ ಸುತ್ತು (ಲೂಪ್) ಏರ್ಪಡದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಆಲಿಸುವುದಕ್ಕೆ 15, ವಿಳಾಸ ಕಲಿಯುವುದಕ್ಕೆ 15 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ಡಿಎಚ್‌ಸಿಪಿ (ತಾನಾಗಿ ಐಪಿ ವಿಳಾಸ ಹಂಚುವ ಸೇವೆ) ಮೂಲಕ ವಿಳಾಸ ಕೇಳಿ ಸೋತಿರಲೂಬಹುದು. ಕಂಪ್ಯೂಟರ್‌ನಂಥ ಕೊನೆಯ ಸಾಧನಗಳ ಪೋರ್ಟ್‌ಗಳಲ್ಲಿ ಮಾತ್ರ ಪೋರ್ಟ್‌ಫಾಸ್ಟ್ ಎಂಬ ಸೆಟ್ಟಿಂಗ್ ಹಾಕಿದರೆ ಈ ಕಾಯುವಿಕೆ ತಪ್ಪುತ್ತದೆ. ಇನ್ನೊಂದು ಸ್ವಿಚ್ ಕಡೆಗೆ ಹೋಗುವ ಪೋರ್ಟ್‌ಗೆ ಅದು ಸಲ್ಲದು.

ತಾಮ್ರದ ಕೇಬಲ್ 100 ಮೀಟರ್ ಮೀರಬಾರದು. ಪಿಒಇ (ಲ್ಯಾನ್ ಕೇಬಲಿನಲ್ಲೇ ವಿದ್ಯುತ್ ಕೊಡುವ ವ್ಯವಸ್ಥೆ) ಇದ್ದರೆ ಲೆಕ್ಕ ಹಾಕಿಕೊಳ್ಳಿ: 802.3ಎಎಫ್ ಮಾನದಂಡದ ಪ್ರಕಾರ ಪೋರ್ಟಿಗೆ 15.4 ವ್ಯಾಟ್, 24 ಪೋರ್ಟಿಗೆ 369.6 ವ್ಯಾಟ್. 802.3ಎಟಿ ಆದರೆ ಪೋರ್ಟಿಗೆ 30, ಒಟ್ಟು 720. ಸ್ವಿಚ್‌ನ ಒಟ್ಟು ಪಿಒಇ ಸಾಮರ್ಥ್ಯ ಇದಕ್ಕಿಂತ ಕಡಿಮೆಯಿದ್ದರೆ ಯಾವ ಪೋರ್ಟಿಗೆ ಆದ್ಯತೆ ಎಂಬುದನ್ನು ಕ್ಯಾಮೆರಾ, ಫೋನ್ ಜೋಡಿಸುವ ಮೊದಲೇ ನಿಗದಿಪಡಿಸಿ.